ಹಳೆಯ ಗ್ರಾಫಿಕ್ಸ್ ಕಾರ್ಡನ್ನು ಅಳೆಯುವ ಬಗೆ

ಉಡಿಗಾಲದಂತಹ ಊರಿನ ವಿದ್ಯಾರ್ಥಿಯು ಹಳೆಯ ಗಣಕಯಂತ್ರವನ್ನು ಕೊಳ್ಳಹೊರಟಾಗ, ಗ್ರಾಫಿಕ್ಸ್ ಕಾರ್ಡಿನ ಸ್ಮೃತಿಯೆಷ್ಟೆಂದು ಮಾತ್ರ ಕೇಳಿದರೆ ಸಾಲದೆಂಬುದು ನಮ್ಮ ಅಭಿಪ್ರಾಯ.

2013ರಲ್ಲಿ ಹೊರಬಂದ ಎನ್‌ವಿಡಿಯಾ ಕ್ವಾಡ್ರೊ ಕೆ2000 ಎಂಬ ವೃತ್ತಿಪರ ಕಾರ್ಡನ್ನು ನೋಡೋಣ. ಅದರ ಸ್ಮೃತಿ 2 ಗಿಗಾಬೈಟ್; ಗಣನಾಘಟಕಗಳು 384. ಇವೆರಡರ ನಡುವೆ 128 ಬಿಟ್ಟುಗಳ ಹಾದಿಯಿದೆ. ಒಂದೊಂದು ಎಳೆಯಲ್ಲಿಯೂ ಸೆಕೆಂಡಿಗೆ 400 ಕೋಟಿ ಬಿಟ್ಟುಗಳು ಹರಿಯುತ್ತವೆ. ಗುಣಿಸಿ, 8ರಿಂದ ಭಾಗಿಸಿದರೆ ಸೆಕೆಂಡಿಗೆ 64 ಗಿಗಾಬೈಟ್. ಕೆರೆ ಹಿರಿದಾದರೂ ತೂಬು ಕಿರಿದಾದರೆ ಗದ್ದೆಗೆ ನೀರು ತಡವಾಗಿಯೇ ಮುಟ್ಟುವುದಲ್ಲವೆ?

ಇದಕ್ಕೆ ಬೇಕಾದ ವಿದ್ಯುತ್ತು ಹೆಚ್ಚೆಂದರೆ 51 ವಾಟ್. ಪ್ರತ್ಯೇಕ ತಂತಿಯೂ ಬೇಡ. ಯಂತ್ರಭಾಗಗಳ ನಕ್ಷೆ ಬರೆಯುವುದನ್ನು ಕಲಿಯಲು ಇಷ್ಟು ಸಾಕು. ಇಂದಿನ ಕೃತಕ ಬುದ್ಧಿಮತ್ತೆಯ ಭಾರೀ ಲೆಕ್ಕಗಳಿಗೆ ಸಾಲದು. ಆದುದರಿಂದ ಮೊದಲು ಕೆಲಸವನ್ನು ನಿಶ್ಚಯಿಸಿ, ಅನಂತರ ಅಂಕಿಗಳನ್ನು ಓದಿ, ಕಡೆಗೆ ಹಣ ತೆರುವುದು ವಿವೇಕ. ಬಡವಿದ್ಯಾರ್ಥಿಯ ಹಣವನ್ನು ಗುಣಾಕಾರವೇ ಕಾಯಬಲ್ಲುದು.