ನಗದಿನ ಕೊರತೆ ಬೇರೆ, ನಷ್ಟ ಬೇರೆ

ಠಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿಮುಂಬಯಿಯ ಕನ್ನಡಿಗರಿಗೂ ಸಹಕಾರಿ ಬ್ಯಾಂಕುಗಳಿಗೂ ಇರುವ ನಂಟು ಹಳೆಯದು. ಮುಂಬಯಿಯ ಬಿಲ್ಲವ ಸಮಾಜದ ಮುಂದಾಳುತನದಲ್ಲಿ 1978ರಲ್ಲಿ ಸ್ಥಾಪನೆಗೊಂಡ ಭಾರತ್ ಬ್ಯಾಂಕ್ ಇದಕ್ಕೊಂದು ನಿದರ್ಶನ. ಹೋಟೆಲಿನ ಗಲ್ಲಾಪೆಟ್ಟಿಗೆಯ ಹಣದಿಂದ ಹಿಡಿದು ಮಕ್ಕಳ ಮದುವೆಗೆಂದು ಕೂಡಿಟ್ಟ ಠೇವಣಿಯವರೆಗೆ ನಮ್ಮ ಗಳಿಕೆ ಸಹಕಾರಿ ಬ್ಯಾಂಕುಗಳಲ್ಲಿರುವಾಗ, ಸಂಕಟಕಾಲದಲ್ಲಿ ಬ್ಯಾಂಕಿಗೆ ಹಣ ಎಲ್ಲಿಂದ ಬರುತ್ತದೆಂಬುದನ್ನು ನಾವು ಅರಿತಿರಬೇಕು.

ನಾವಿಟ್ಟ ಹಣವನ್ನು ಬ್ಯಾಂಕು ತಿಜೋರಿಯಲ್ಲಿಟ್ಟು ಕಾಯುವುದಿಲ್ಲ. ಬಹುಪಾಲು ಸಾಲವಾಗಿ ಹೊರಹೋಗಿರುತ್ತದೆ. ಒಂದು ಪಾಲು ಸರಕಾರಿ ಸಾಲಪತ್ರಗಳಲ್ಲಿರುತ್ತದೆ. ಎಲ್ಲರೂ ಒಮ್ಮೆಗೇ ಹಣ ಕೇಳಿದರೆ ಸುಸ್ಥಿತಿಯ ಬ್ಯಾಂಕೂ ಇಕ್ಕಟ್ಟಿಗೆ ಸಿಲುಕುತ್ತದೆ. ಆಗ ರಿಸರ್ವ್ ಬ್ಯಾಂಕು ಆ ಸಾಲಪತ್ರಗಳನ್ನು ಆಧಾರವಾಗಿ ಪಡೆದು ಅಲ್ಪಾವಧಿಗೆ ನಗದು ಒದಗಿಸುತ್ತದೆ. ಅದಕ್ಕೆ ವಿಧಿಸುವ ಬಡ್ಡಿಯೇ ರೆಪೊ ದರ.

ಕೊರೊನಾ ಲಾಕ್‌ಡೌನಿನಿಂದ ಲೋಕಲ್ ರೈಲುಗಳೂ ನಿಂತುಹೋಗಿದ್ದ 2020ರ ಮಾರ್ಚ್ 27ರಂದು ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇ. 5.15ರಿಂದ 4.40ಕ್ಕೆ ಇಳಿಸಿತು. ಬ್ಯಾಂಕುಗಳು ತನ್ನಲ್ಲಿ ಇರಿಸಬೇಕಾದ ನಗದು ಮೀಸಲನ್ನು ಶೇ. 4ರಿಂದ 3ಕ್ಕೆ ತಗ್ಗಿಸಿತು. ಇದೊಂದರಿಂದಲೇ ಸುಮಾರು 1.37 ಲಕ್ಷ ಕೋಟಿ ರೂಪಾಯಿ ಬ್ಯಾಂಕುಗಳ ಕೈಗೆ ಮರಳಿತು. ಈ ವ್ಯವಸ್ಥೆ ನಿಲ್ಲದಂತೆ ಸುಮಾರು 150 ಮಂದಿ ಸಿಬ್ಬಂದಿ ಮನೆಯವರಿಂದ ದೂರವಿದ್ದು ದುಡಿದರು.

ಆದರೆ ಅದಕ್ಕೆ ಆರು ತಿಂಗಳ ಹಿಂದೆ, 2019ರ ಸೆಪ್ಟೆಂಬರಿನಲ್ಲಿ, ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಠೇವಣಿದಾರರಿಗೆ ಮೊದಲು ದೊರೆತುದು ಕೇವಲ 1,000 ರೂಪಾಯಿ ಹಿಂಪಡೆಯುವ ಅವಕಾಶ. ಅಲ್ಲಿ ಕಾಡಿದ್ದು ತಾತ್ಕಾಲಿಕ ನಗದಿನ ಅಭಾವವಲ್ಲ. ಸಾಲದ ಶೇ. 70ಕ್ಕೂ ಹೆಚ್ಚು ಭಾಗ ಒಂದೇ ಕಟ್ಟಡ ನಿರ್ಮಾಣ ಸಮೂಹದ ಪಾಲಾಗಿ, ಲೆಕ್ಕಪತ್ರಗಳಲ್ಲಿ ಮರೆಮಾಚಲ್ಪಟ್ಟಿತ್ತು. ಅಲ್ಪಾವಧಿಯ ನಗದು ಇಂಥ ವ್ಯಾಧಿಗೆ ಮದ್ದಲ್ಲ. 2022ರ ಜನವರಿಯಲ್ಲಿ ಆ ಬ್ಯಾಂಕು ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿನಲ್ಲಿ ವಿಲೀನಗೊಂಡಿತು.

ರಿಸರ್ವ್ ಬ್ಯಾಂಕಿನ ರೆಪೊ ಸೌಲಭ್ಯವೂ ಎಲ್ಲ ಸಹಕಾರಿ ಬ್ಯಾಂಕುಗಳಿಗೆ ದೊರಕುವುದಿಲ್ಲ; ಶೆಡ್ಯೂಲ್ಡ್ ಪಟ್ಟಿಯಲ್ಲಿದ್ದು ನಿಗದಿತ ಅರ್ಹತೆಯುಳ್ಳವಕ್ಕೆ ಮಾತ್ರ. ಠೇವಣಿ ವಿಮೆಯ ಮಿತಿಯನ್ನು 2020ರಲ್ಲಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ್ದು, ನಿರ್ಬಂಧಕ್ಕೊಳಗಾದ ಬ್ಯಾಂಕಿನ ಠೇವಣಿದಾರರಿಗೆ 90 ದಿನಗಳಲ್ಲಿ ವಿಮಾಹಣ ನೀಡಬೇಕೆಂದು 2021ರಲ್ಲಿ ಕಾನೂನು ತಿದ್ದಿದ್ದು ಸ್ವಾಗತಾರ್ಹವೇ. ಆದರೂ ಜೀವಮಾನದ ಗಳಿಕೆಯನ್ನೆಲ್ಲ ಒಂದೇ ಬ್ಯಾಂಕಿನಲ್ಲಿರಿಸದಿರುವುದು ಲೇಸು. ಸದಸ್ಯರಾದವರು ವಾರ್ಷಿಕ ಮಹಾಸಭೆಗೆ ಹೋಗಿ, ಎಷ್ಟು ಲಾಭಾಂಶವೆಂದು ಕೇಳುವ ಮೊದಲು ಸಾಲ ಯಾರಿಗೆ ಹೋಗಿದೆಯೆಂದು ಕೇಳಬೇಕು. ನಾವೇ ಕಟ್ಟಿದ ಬ್ಯಾಂಕುಗಳನ್ನು ಕಾಯುವ ಹೊಣೆ ನಮ್ಮದೂ ಹೌದು.