ಹುಡುಗಿಯ ಸೈಕಲ್ಲಿಗೆ ಇಷ್ಟು ಸಾಕೇ?

ನಮ್ಮ ಕಡೆ ಹೆಣ್ಣುಮಕ್ಕಳಿಗೆ ಸೈಕಲ್ ಕೊಳ್ಳುವ ಕ್ರಮವನ್ನು ನೀವೂ ನೋಡಿರಬಹುದು. ಅಪ್ಪ ಬೆಲೆ ಕೇಳುತ್ತಾರೆ, ಅಮ್ಮ ಬಣ್ಣ ನೋಡುತ್ತಾರೆ, ಅಂಗಡಿಯವರು ಮುಂದಿನ ಬುಟ್ಟಿಯನ್ನು ತಟ್ಟಿ ತೋರಿಸುತ್ತಾರೆ. ಗಾಲಿಯನ್ನು ಎತ್ತಿ ಒಂದು ಸುತ್ತು ತಿರುಗಿಸಿ ನೋಡಿದವರನ್ನು ನಾನು ಕಂಡಿಲ್ಲ. ಅದೇ ಗಂಡುಮಗನಿಗಾದರೆ ಅಲಾಯ್ ರಿಮ್ಮಾ, ಗೇರು ಎಷ್ಟು, ತೂಕ ಎಷ್ಟು ಎಂಬ ವಿಚಾರಣೆ ಅರ್ಧ ಗಂಟೆ ನಡೆಯುತ್ತದೆ. ಹುಡುಗಿಯ ಸೈಕಲ್ಲಿಗೆ ಬಂದಾಗ ಒಂದೇ ಮಾತು: "ಇಷ್ಟು ಸಾಕು." ಈ 'ಸಾಕು' ಎಂಬ ಮಾತಿನೊಂದಿಗೆ ನನಗೆ ಜಗಳವಿದೆ.

ಜಗಳಕ್ಕೆ ಕಾರಣವಾದವಳು ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ. ಮುಖ್ಯರಸ್ತೆಯಿಂದ ಐದು ಕಿಲೋಮೀಟರ್ ಒಳಗೆ ಮನೆ. ತಾಯಿ ಬೀಡಿ ಕಟ್ಟುವವರು. 2023ರ ಜೂನ್‌ನಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವೆಂಬುದು ನಿಜ. ಆದರೆ ನಮ್ಮ ಜಿಲ್ಲೆಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅವಳ ಮನೆಯ ದಾರಿಯಲ್ಲಂತೂ ಯಾವ ಬಸ್ಸೂ ಇಲ್ಲ. ಹಾಗಾಗಿ ಸೈಕಲ್. ಆ ಸೈಕಲ್ಲಿನ ಹಿಂದಿನ ಗಾಲಿಯ ಕಡ್ಡಿ ಮಳೆಗಾಲದಲ್ಲಿ ಒಂದರ ಹಿಂದೆ ಒಂದು ಮುರಿಯತೊಡಗಿತು. ಪ್ರತಿ ಸಲ ಒಂದು ಹೊಸ ಕಡ್ಡಿ, ಒಂದಿಷ್ಟು ಬೆಂಡ್ ತೆಗೆಯುವುದು, ಹದಿನೈದು ದಿನದಲ್ಲಿ ಮತ್ತೆ ಅದೇ ಕಥೆ. ಕೊನೆಗೆ ಮನೆಯಲ್ಲಿ ತೀರ್ಮಾನವಾದದ್ದು ಸೈಕಲ್ ಮಾರುವುದೆಂದು, ಸಾಯಂಕಾಲದ ವಿಶೇಷ ತರಗತಿ ಬೇಡವೆಂದು. ನಮ್ಮಲ್ಲಿ ಹುಡುಗಿಯ ಓದಿಗೆ ಬಾಗಿಲು ಹಾಕುವುದು ಹೀಗೆ, ಯಾರೂ ಗದರಿಸದೆ, ಒಂದು ಮುರಿದ ಕಡ್ಡಿಯ ನೆವದಿಂದ.

ನಾನೇ ಅವಳೊಂದಿಗೆ ಅಂಗಡಿಗೆ ಹೋದೆ. "ಹುಡುಗಿ ಬಿಡುವುದಲ್ವಾ ಟೀಚರೇ, ಇದು ಧಾರಾಳ ಸಾಕು" ಎಂದರು ಅಂಗಡಿಯವರು. ಅವಳ ತೂಕ ನಲವತ್ತು ಕಿಲೋ, ಚೀಲ ಏಳೆಂಟು ಕಿಲೋ, ದಾರಿಯಲ್ಲಿ ಮೂರು ಏರು, ಮುರಕಲ್ಲಿನ ಮಣ್ಣು ಕೊಚ್ಚಿಹೋದ ಗುಂಡಿಗಳು. ಯಾವ ಲೆಕ್ಕದಲ್ಲಿ ಸಾಕು? ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆಯ ಅಂಗಡಿಗಳನ್ನು ಸುತ್ತಿದೆ. ಕೊನೆಗೆ ಮೂಡುಬಿದಿರೆಯಲ್ಲಿ ಕೈಯಿಂದಲೇ ಗಾಲಿ ಕಟ್ಟಬಲ್ಲ ಹಳೆಯ ಮೇಸ್ತ್ರಿಯೊಬ್ಬರು ಸಿಕ್ಕಿದರು. ನಾನು ಬಿ.ಎ. ಓದಿದವಳು, ಯಂತ್ರ ಗೊತ್ತಿಲ್ಲ. ಆದರೆ ಅವರ ಎದುರು ಸ್ಟೂಲಿನಲ್ಲಿ ಕೂತು ಎರಡು ಶನಿವಾರ ಕಲಿತದ್ದನ್ನು ನಿಮಗೆ ಹೇಳದಿದ್ದರೆ ನಾನು ಟೀಚರಾದದ್ದು ವ್ಯರ್ಥ.

ಮೊದಲನೆಯದು ರಿಮ್ಮು. ಹುಡುಗಿಯ ಗಾಲಿಯ ಉಕ್ಕಿನ ರಿಮ್ಮನ್ನು ಪಕ್ಕದ ಜೀನಸು ಅಂಗಡಿಯಲ್ಲಿ ತೂಗಿಸಿದೆವು: 850 ಗ್ರಾಂ. ಅದೇ ಅಳತೆಯ ಅಲ್ಯುಮಿನಿಯಮ್ ರಿಮ್ಮು 500 ಗ್ರಾಂ ಹತ್ತಿರ. ನಮ್ಮ ವಿಜ್ಞಾನದ ಟೀಚರ್ ವಿವರಿಸಿದರು: ಗಾಲಿಯ ಅಂಚಿನ ತೂಕವನ್ನು ಮುಂದಕ್ಕೂ ಸಾಗಿಸಬೇಕು, ಸುತ್ತಲೂ ತಿರುಗಿಸಬೇಕು. ಆದ್ದರಿಂದ ನಿಂತಲ್ಲಿಂದ ಸೈಕಲ್ಲನ್ನು ಎಬ್ಬಿಸುವಾಗ ಅಂಚಿನ ನೂರು ಗ್ರಾಂ ಬೇರೆ ಕಡೆಯ ಇನ್ನೂರು ಗ್ರಾಂನಷ್ಟು ಭಾರ. ತಿರುವಿನಲ್ಲಿ ಲಾರಿಗೆ ದಾರಿ ಬಿಟ್ಟು ಇಳಿದು, ಏರಿನ ಬುಡದಲ್ಲಿ ಮತ್ತೆ ಹತ್ತುವ ಹುಡುಗಿಯ ಮೊಣಕಾಲಿಗೆ ಈ ಲೆಕ್ಕ ಗೊತ್ತು. ಇದಕ್ಕಿಂತ ದೊಡ್ಡ ವಿಷಯ ಬ್ರೇಕಿನದು. ಒದ್ದೆಯಾದ ಕ್ರೋಮ್ ಉಕ್ಕಿನ ಮೇಲೆ ಬ್ರೇಕಿನ ರಬ್ಬರ್ ಜಾರುತ್ತದೆ. ಅಲ್ಯುಮಿನಿಯಮ್ ಮೇಲೆ ಎಷ್ಟೋ ಚೆನ್ನಾಗಿ ಹಿಡಿಯುತ್ತದೆ. ನಾಲ್ಕು ತಿಂಗಳು ಮಳೆ ಸುರಿಯುವ ಊರಿನಲ್ಲಿ ಇಳಿಜಾರಿನ ರಸ್ತೆಗೆ ಮಗಳನ್ನು ಕಳಿಸುವವರು ಕೇಳಬೇಕಾದ ಮೊದಲ ಪ್ರಶ್ನೆ ಇದಲ್ಲವೆ? ಹಳೆಯ ರಾಡ್ ಬ್ರೇಕಿನ ಸೈಕಲ್ಲಿಗೆ ಮಾತ್ರ ಈ ರಿಮ್ಮು ಹೊಂದುವುದಿಲ್ಲ.

ರಿಮ್ಮಿನ ಅಳತೆಯಲ್ಲೂ ಒಂದು ಮೋಸವಿದೆ. '26 ಇಂಚು' ಎಂದು ಕೇಳಿದರೆ ಸಾಲದು. ಟಯರಿನ ಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಸಂಖ್ಯೆ ಓದಬೇಕು. 37-590 ಎಂಬುದೂ 26, 47-559 ಎಂಬುದೂ 26. ಆದರೆ ರಿಮ್ಮಿನ ವ್ಯಾಸದಲ್ಲಿ ಮೂರು ಸೆಂಟಿಮೀಟರ್ ವ್ಯತ್ಯಾಸ. ಟಯರೂ ಕೂರುವುದಿಲ್ಲ, ಬ್ರೇಕೂ ಮುಟ್ಟುವುದಿಲ್ಲ. ನಮಗೆ ಬೇಕಾದ 590ರ ರಿಮ್ಮು ಮೂರು ಊರಿನಲ್ಲೂ ಸಿಗದೆ ಮಂಗಳೂರಿನಿಂದ ತರಿಸಬೇಕಾಯಿತು.

ಎರಡನೆಯದು ಕಡ್ಡಿ. ಬಿಗಿ ಮಾಡಿದ್ದರಿಂದ ಕಡ್ಡಿ ಮುರಿಯುತ್ತದೆಂದು ನಾನು ತಿಳಿದಿದ್ದೆ. ಹಾಗಲ್ಲ, ಸಡಿಲವಿದ್ದದ್ದೇ ಹೆಚ್ಚಾಗಿ ಮುರಿಯುವುದು. ಗಾಲಿ ತಿರುಗಿದಂತೆ ಸಡಿಲ ಕಡ್ಡಿ ಪ್ರತಿ ಸುತ್ತಿನಲ್ಲೂ ಜಗ್ಗುತ್ತ ಬಿಡುತ್ತ ಹಬ್ಬಿನ ಬಳಿಯ ಬಾಗಿದ ಮೂಲೆಯಲ್ಲಿ ದಣಿದು ತುಂಡಾಗುತ್ತದೆ. ಆದ್ದರಿಂದ ಒಂದೊಂದೇ ಕಡ್ಡಿ ಹಾಕಿಸುತ್ತಾ ಹೋದರೆ ಪ್ರಯೋಜನವಿಲ್ಲ. ಗಾಲಿಯನ್ನೇ ಬಿಚ್ಚಿ ಪೂರ್ತಿ ಕಟ್ಟಬೇಕು. ಹೊಸ ರಿಮ್ಮಿಗೆ ಅದರದೇ ಉದ್ದದ ಕಡ್ಡಿ ಬೇಕು. ಉದ್ದವಾದರೆ ತುದಿ ಟ್ಯೂಬಿಗೆ ಚುಚ್ಚುತ್ತದೆ. ನಮ್ಮ ಉಪ್ಪುಗಾಳಿಗೂ ಮಳೆಗೂ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಕಡ್ಡಿ, 2 ಮಿಲಿಮೀಟರ್ ದಪ್ಪದ್ದು. ಅದರ ತುದಿಯ ತಿರುಪು ಹಿತ್ತಾಳೆಯದು. ಹಿಂದಿನ ಗಾಲಿಗೆ 36 ಕಡ್ಡಿ, ಒಂದೊಂದೂ ಬೇರೆ ಮೂರನ್ನು ದಾಟಿ ಹೋಗುವಂತೆ ಹೆಣಿಗೆ. ಕಟ್ಟಿ ಮುಗಿದ ಮೇಲೆ ಮೇಸ್ತ್ರಿ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿದರು. ಒಂದು ಬದಿಯವೆಲ್ಲ ಒಂದೇ ಸ್ವರ ಕೊಡಬೇಕಂತೆ.

ಮೂರನೆಯದು ಹಬ್ಬು. ಹಳೆಯದನ್ನೇ ಬಿಚ್ಚಿ, ಗುಂಡು ಬದಲಿಸಿ, ಹೊಸ ಗ್ರೀಸು ಹಾಕಿ ಉಳಿಸಿಕೊಂಡೆವು. ನಡುವಿನ ಭಾರ ಅಂಚಿನ ಭಾರದಷ್ಟು ಕಾಡುವುದಿಲ್ಲ. ಅಲ್ಲಿ ದುಡ್ಡು ಸುರಿಯಬೇಕಾಗಿಲ್ಲ. ಹಗುರವೆಂದರೆ ಪಂದ್ಯದ ಸೈಕಲ್ಲಿನ ಇಪ್ಪತ್ತು ಕಡ್ಡಿಯ ಗಾಲಿಯೂ ಅಲ್ಲ. ಅದು ನಮ್ಮ ಗುಂಡಿಗಳಿಗೆ ಹೇಳಿದ್ದಲ್ಲ. ಎಲ್ಲಿ ಕಡಿಮೆ ಮಾಡಬೇಕು, ಎಲ್ಲಿ ಮಾಡಬಾರದು ಎಂಬ ವಿವೇಕವೇ ಗಾಲಿ ಕಟ್ಟುವ ವಿದ್ಯೆ. ದಿನಾ ಅಡುಗೆಮನೆಯಲ್ಲಿ ಇದೇ ವಿವೇಕ ನಡೆಸುವ ನಾವು ಸೈಕಲ್ ಅಂಗಡಿಯ ಮುಂದೆ ಮಾತ್ರ ಏನೂ ತಿಳಿಯದವರಂತೆ ನಿಲ್ಲುವುದೇಕೆ?

"ಇಷ್ಟೆಲ್ಲ ಯಾಕೆ, ಹದಿನೆಂಟಾದರೆ ಸ್ಕೂಟರ್ ಬರುತ್ತದೆ" ಎಂದು ನನ್ನ ಗೆಳತಿಯೊಬ್ಬಳು ಹೇಳಿದಳು. ಹದಿಮೂರರಿಂದ ಹದಿನೆಂಟರ ತನಕ ಹುಡುಗಿ ಏನು ಮಾಡಬೇಕು? ಕಾಯಬೇಕೇ? ಶಾಲೆ ಬಿಡುವ ವಯಸ್ಸೇ ಅದು. ನಮ್ಮ ರಾಜ್ಯದಲ್ಲಿ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಟ್ಟದ್ದು ಈ ವಯಸ್ಸನ್ನು ನೋಡಿಯೇ. ಕೊರೋನಾ ಕಾಲದಲ್ಲಿ ಅದು ನಿಂತಾಗ ಸಂಕಟಪಟ್ಟವಳು ನಾನು. ಆದರೆ ಬಯಲುಸೀಮೆಯ ನೇರ ರಸ್ತೆಗೆ ಸಾಕಾದ ಗಾಲಿ ನಮ್ಮ ಗುಡ್ಡಗಳಿಗೂ ಸಾಕೇ ಎಂಬ ಪ್ರಶ್ನೆಯನ್ನು ತಾಯಂದಿರಾದ ನಾವೂ ಎತ್ತಲಿಲ್ಲ. ಪುಕ್ಕಟೆ ಬಂದದ್ದರ ಹಲ್ಲು ಎಣಿಸಬಾರದೆಂದು ಸುಮ್ಮನಾದೆವು.

ತಮಿಳುನಾಡಿನ ಪುದುಕೋಟ್ಟೈಯಲ್ಲಿ 1991ರ ಸುಮಾರಿಗೆ ಅಂದಿನ ಜಿಲ್ಲಾಧಿಕಾರಿ ಶೀಲಾರಾಣಿ ಚುಂಕತ್ ಅವರು ಸಾಕ್ಷರತೆಯ ಪಾಠದೊಂದಿಗೆ ಸೈಕಲ್ ಕಲಿಕೆಯನ್ನೂ ಸೇರಿಸಿದರು. ಸಾವಿರಾರು ಹಳ್ಳಿಯ ಹೆಂಗಸರು ಕಲಿತರು. ಲೇಡೀಸ್ ಸೈಕಲ್ ಸಿಗದಾಗ ಗಂಡಸರ ಸೈಕಲ್ಲನ್ನೇ ಬಿಟ್ಟರು. ತಮಗೆ ಬೇಕಾದದ್ದು ಚಂದದ ಬುಟ್ಟಿಯಲ್ಲ, ಉರುಳುವ ಗಾಲಿ ಎಂಬುದು ಅಕ್ಷರ ಆಗಷ್ಟೇ ಕಲಿತ ಆ ಹೆಂಗಸರಿಗೆ ತಿಳಿದಿತ್ತು.

ಗಾಲಿಯ ಖರ್ಚನ್ನು ನಾನು ಕೊಡುತ್ತೇನೆಂದಾಗ ಹುಡುಗಿಯ ತಾಯಿ ಒಪ್ಪಲಿಲ್ಲ. "ಸಾಲವಾಗಿ ಕೊಡಿ ಟೀಚರ್, ತಿಂಗಳು ತಿಂಗಳು ತೀರಿಸುತ್ತೇನೆ" ಎಂದು ತುಳುವಿನಲ್ಲಿ ಹೇಳಿದರು, ಹಾಗೆಯೇ ತೀರಿಸಿದರು. ಹಿಂದಿನ ಗಾಲಿ ಮೊದಲು, ಮುಂದಿನದು ಎರಡು ತಿಂಗಳ ನಂತರ. ದುಡ್ಡು ಹೆಚ್ಚಾಯಿತು, ನಿಜ. ಆದರೆ ಮುರಿದ ಕಡ್ಡಿಗಳಿಗೂ ತಪ್ಪಿದ ತರಗತಿಗಳಿಗೂ ಯಾರು ಲೆಕ್ಕ ಬರೆದಿದ್ದಾರೆ?

ನಮ್ಮ ಜಾತ್ರೆಗಳ ರಥದ ಗಾಲಿ ಭಾರವಾಗಿದ್ದರೇ ಚೆಂದ, ಎಳೆಯಲು ಊರಿಗೆ ಊರೇ ಸೇರುತ್ತದೆ. ಹುಡುಗಿಯ ಗಾಲಿಯನ್ನು ಅವಳೊಬ್ಬಳೇ ತುಳಿಯಬೇಕು. ಆದ್ದರಿಂದ ಮುಂದಿನ ಸಲ ಅಂಗಡಿಯಲ್ಲಿ ನಾಲ್ಕು ಮಾತು ಕೇಳಿ: ರಿಮ್ಮು ಯಾವುದರದ್ದು? ಟಯರಿನ ಸಂಖ್ಯೆ ಎಷ್ಟು? ಕಡ್ಡಿ ತುಕ್ಕು ಹಿಡಿಯುವುದೇ? ಒಂದು ವಾರ ಬಿಟ್ಟ ಮೇಲೆ ಮತ್ತೆ ಬಿಗಿ ಮಾಡಿಕೊಡುತ್ತೀರಾ? ಅವರು ನಕ್ಕರೆ ನಗಲಿ. ನಮ್ಮ ಹುಡುಗಿ ಈಗ ತಾನೇ ಒಂದು ಸ್ಪೋಕ್ ಚಾವಿ ಇಟ್ಟುಕೊಂಡಿದ್ದಾಳೆ. ಶನಿವಾರ ಶಾಲೆಯ ಜಗಲಿಯಲ್ಲಿ ಸೈಕಲ್ ಮಗುಚಿ ಹಾಕಿ ಕಡ್ಡಿ ಮೀಟಿ ನೋಡುತ್ತಾಳೆ. ಮೊನ್ನೆ ಎಂಟನೆಯ ತರಗತಿಯ ಹುಡುಗನೊಬ್ಬ ತನ್ನ ಗಾಲಿಯ ಬೆಂಡ್ ತೆಗೆಸಿಕೊಳ್ಳಲು ಅವಳ ಮುಂದೆ ಕಾದು ನಿಂತಿದ್ದ.