ಮೊದಲ ರೆಕಾರ್ಡಿನ ನಂತರ

ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ಕ್ಲಾರ್ಕ್ಸ್‌ಡೇಲ್ ಎಂಬ ಸಣ್ಣ ಊರಿದೆ. ಸುತ್ತಲೂ ಹತ್ತಿ ಬೆಳೆಯುವ ಸೀಮೆ. ಆ ಹೊಲಗಳಲ್ಲಿ ದುಡಿದ ಕಪ್ಪು ಜನರ ನೋವೇ ಬ್ಲೂಸ್ ಸಂಗೀತವಾಯಿತು. 1999ರಲ್ಲಿ ಜನಿಸಿದ ಕ್ರಿಸ್ಟೋನ್ ಇಂಗ್ರಾಮ್, ಅಲ್ಲಿನ ಬ್ಲೂಸ್ ಮ್ಯೂಸಿಯಂ ನಡೆಸುವ ತರಗತಿಯಲ್ಲಿ ಹಿರಿಯರ ಮುಂದೆ ಕುಳಿತು ಗಿಟಾರ್ ಕಲಿತ ಹುಡುಗ. ‘ಕಿಂಗ್‌ಫಿಶ್’ ಎಂದು ಹೆಸರಾದ ಅವನ ಮೊದಲ ಆಲ್ಬಂ 2019ರಲ್ಲಿ ಬಂತು. ಎರಡನೆಯದಕ್ಕೆ ತನ್ನ ಸೀಮೆಯ ಫೋನ್ ಕೋಡ್ ‘662’ ಅನ್ನೇ ಹೆಸರಾಗಿಟ್ಟ. 2022ರಲ್ಲಿ ಅದಕ್ಕೆ ಗ್ರ್ಯಾಮಿ ಪ್ರಶಸ್ತಿ ಸಂದಿತು.

ಹತ್ತಿಯನ್ನೂ ಹಾಡನ್ನೂ ಬಲ್ಲ ಹುಬ್ಬಳ್ಳಿ-ಧಾರವಾಡಕ್ಕೆ, ಹಿರಿಯರ ಮುಂದೆ ಕುಳಿತು ಕಲಿತು ಹೆಸರು ಮಾಡುವ ಈ ಕಥೆ ಹೊಸದಲ್ಲ. 1910ರಲ್ಲಿ ಧಾರವಾಡದ ಹತ್ತಿರದ ಮನಸೂರಿನಲ್ಲಿ ಹುಟ್ಟಿದ ಗಾಯಕ ಮಲ್ಲಿಕಾರ್ಜುನ ಮನಸೂರರು ನಾಟಕ ಕಂಪನಿಯಲ್ಲಿ ಹಾಡುತ್ತ ಬೆಳೆದರು. ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಗಾಯಕಿ, ಅಂದರೆ ಆ ಘರಾನೆಯ ಹಾಡುವ ಶೈಲಿ, ಕಲಿತರು. ಇಪ್ಪತ್ತರ ಹರೆಯದಲ್ಲೇ ಎಚ್‌ಎಂವಿ ಅವರ ರೆಕಾರ್ಡುಗಳನ್ನು ಹೊರತಂದಿತು. ಆಗಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಮೂರು ಚಿಲ್ಲರೆ ನಿಮಿಷದ ಹಾಡು. ಅಷ್ಟರಲ್ಲೇ ಗೌಡ ಮಲ್ಹಾರ ರಾಗ ಹಾಡಿ ಹೆಸರು ಮಾಡಿದ ತರುಣ ಅವರು.

ಹೆಸರು ಬಂದ ಮೇಲೆ ಅವರು ಮಾಡಿದ್ದೇನು? ಮುಂಬಯಿಯಲ್ಲಿ ಮಂಜೀಖಾನರ ಮುಂದೆ ಮತ್ತೆ ಶಿಷ್ಯರಾಗಿ ಕುಳಿತರು. ಕೈಗೆ ಹತ್ತಿದ್ದ ಗಾಯಕಿಯನ್ನು ಬದಿಗಿಟ್ಟು, ಲಯದ ಕಠಿಣ ಲೆಕ್ಕವನ್ನು ಬೇಡುವ ಜಯಪುರ-ಅತ್ರೌಲಿ ಗಾಯಕಿಗೆ ಒಡ್ಡಿಕೊಂಡರು. 1937ರಲ್ಲಿ ಗುರು ತೀರಿಕೊಂಡಾಗಲೂ ನಿಲ್ಲಿಸಲಿಲ್ಲ. ಗುರುವಿನ ತಮ್ಮ ಭೂರ್ಜಿಖಾನರಲ್ಲಿ ಕಲಿಕೆ ಮುಂದುವರಿಯಿತು. ಅಪರೂಪದ ರಾಗಗಳನ್ನು ಲೀಲೆಯಂತೆ ಬಿಡಿಸಿಟ್ಟ, ನಾವು ಇಂದಿಗೂ ನೆನೆಯುವ ಮನಸೂರರು ರೂಪುಗೊಂಡದ್ದು ಈ ಎರಡನೆಯ ಕಲಿಕೆಯಲ್ಲಿ.

ಹುಬ್ಬಳ್ಳಿಯ ಹಾಡುಗಾರ್ತಿ ಗಂಗೂಬಾಯಿ ಹಾನಗಲ್ಲರದೂ ಇದೇ ದಾರಿ. 1930ರ ದಶಕದ ಅವರ ರೆಕಾರ್ಡುಗಳಲ್ಲಿ ಕೇಳಿಸುವುದು ಎಳೆಯ, ಏರು ದನಿ. ಆ ರೆಕಾರ್ಡುಗಳಿಂದ ಜನಪ್ರಿಯರಾದ ಮೇಲೂ ಅವರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ, ಸವಾಯಿ ಗಂಧರ್ವರ ಮನೆಗೆ ಹೋಗಿ ಬರುತ್ತಿದ್ದರು. ಒಂದೇ ಪಲುಕನ್ನು ಹದಕ್ಕೆ ಬರುವ ತನಕ ಹಾಡಿಸುವುದು ಆ ಗುರುವಿನ ಪದ್ಧತಿ. ಸಂಸಾರದ ಭಾರ ಹೊತ್ತ ಹೆಣ್ಣುಮಗಳು ಇದನ್ನು ಸಾಧಿಸಿದ್ದು ಸಣ್ಣ ಮಾತಲ್ಲ.

ಮೂರು ನಿಮಿಷದ ಹಾಡಿಗೆ ತನ್ನಲ್ಲಿರುವ ಚೆಂದದ್ದನ್ನಷ್ಟೇ ಆಯ್ದು ಕೊಟ್ಟರೆ ಸಾಕು. ಒಂದು ತಾಸು ಹಾಡಬೇಕಾದಾಗ ಒಳಗೆ ಎಷ್ಟಿದೆ ಎಂಬುದು ಬಯಲಾಗುತ್ತದೆ. ಇವತ್ತು ಒಂದು ನಿಮಿಷದ ರೀಲ್ಸ್‌ಗೇ ಲಕ್ಷಗಟ್ಟಲೆ ಮೆಚ್ಚುಗೆ ಸಿಗುವಾಗ, ಗಿಟಾರ್ ಹಿಡಿದವರಿರಲಿ, ತಂಬೂರಿ ಹಿಡಿದವರಿರಲಿ, ನಮ್ಮ ಮಕ್ಕಳು ಕಲಿಯುವುದನ್ನು ಅಲ್ಲಿಗೇ ನಿಲ್ಲಿಸುವ ಅಪಾಯವಿದೆ. ಚಪ್ಪಾಳೆ ಬೀಳುತ್ತಿರುವಾಗ ಗುರುವಿನ ಮನೆಯ ಬಾಗಿಲು ತಟ್ಟಲು ದೊಡ್ಡ ಮನಸ್ಸು ಬೇಕು.

ಆ ಬಾಗಿಲು ತೆರೆದಿರುವಂತೆ ನೋಡಿಕೊಳ್ಳುವುದು ಊರಿನ ಕೆಲಸ. ಕ್ಲಾರ್ಕ್ಸ್‌ಡೇಲ್‌ಗೆ ಒಂದು ಮ್ಯೂಸಿಯಂ ತರಗತಿಯಿದ್ದಂತೆ ನಮಗೆ ಹುಬ್ಬಳ್ಳಿಯ ಉಣಕಲ್ಲಿನಲ್ಲಿ ಗಂಗೂಬಾಯಿಯವರ ಹೆಸರಿನ ಗುರುಕುಲವಿದೆ. ಓಣಿ ಓಣಿಯಲ್ಲಿ ಸಂಗೀತ ಹೇಳಿಕೊಡುವ ಹಿರಿಯರಿದ್ದಾರೆ. ಅವರನ್ನು ಉಳಿಸಿಕೊಳ್ಳೋಣ. ಪರಿಚಯದ ಹುಡುಗನೋ ಹುಡುಗಿಯೋ ಮೊದಲ ಹಾಡು ಹೊರತಂದಾಗ ಮನಸಾರೆ ಹರಸೋಣ. ‘ಎಷ್ಟು ಮಂದಿ ನೋಡ್ಯಾರ?’ ಎಂದು ಕೇಳುವ ಮೊದಲು, ‘ಈಗ ಯಾರ ಹತ್ರ ಕಲೀಲಿಕ್ಕತ್ತೀ?’ ಎಂದು ಕೇಳೋಣ.